ಮೊದಲು ನೀರು ಕೊಡಿ, ಆಮೇಲೆ ಔಷಧಿ
ಗಾಲ್ಫ್ ದುಡ್ಡಿದ್ದವರ ಆಟ, ನಮಗೇಕೆ ಅನ್ನಬೇಡಿ. ಅಲ್ಲಿ ಹುಲ್ಲು ಉಳಿಸೋದು ಕೂಲಿಯ ಕೈ. ಹುಲ್ಲು ಸತ್ತರೆ ಬೈಗುಳವೂ ಅದೇ ಕೈಗೆ.

ಚೆಂಡು ಬೀಳುವ ಗುಳಿ ಇರುವ ನುಣುಪು ಹುಲ್ಲುಹಾಸೇ ಗ್ರೀನ್. ಅಮೆರಿಕದ ಆಗಸ್ಟಾದಲ್ಲಿ 1981ರಿಂದ ಅಲ್ಲಿರುವುದು ಬೆಂಟ್‌ಗ್ರಾಸ್, ತಂಪು ಹವೆಯ ಹುಲ್ಲು. ಇದೇ ಹುಲ್ಲನ್ನು ನಂಬಿದ ಸಣ್ಣ ಮೈದಾನಗಳೂ ಇವೆ. ಅಲ್ಲಿ ಆಳು ಕಡಿಮೆ.

ಒಂದೇ ಕಡೆ ತುಳಿತ ಆಗಬಾರದೆಂದು 108 ಮಿ.ಮೀ. ಅಗಲದ ಗುಳಿಯ ಜಾಗ ಬದಲಿಸುತ್ತಾರೆ. ಹೊಸ ಗುಳಿಯಿಂದ ಕಿತ್ತ ಹುಲ್ಲಿನ ಹೆಂಟೆಯಿಂದ ಹಳೇ ಗುಳಿ ಮುಚ್ಚುತ್ತಾರೆ. ಹೆಂಟೆಯ ಸುತ್ತ ಬೇರು ತುಂಡಾಗಿರುತ್ತದೆ, ಕೆಳಗೆ ಮರಳು. ಬಿಸಿಲೇರಿದರೆ ಅಂಚು ಒಣಗಿ ಕಂದು ಉಂಗುರ ಮೂಡುತ್ತದೆ.

ಅದನ್ನು ಕಂಡ ಕೂಡಲೇ ರೋಗ ಎಂದು ಔಷಧಿಗೆ ಓಡುವವರಿಗೆ ನಮ್ಮ ಪ್ರಶ್ನೆ: ನಾಟಿ ಮಾಡಿದ ಸಸಿಗೆ ನೀರು ಕೊಡದೆ ಔಷಧಿ ಹೊಡೆಯುವ ರೈತ ಎಲ್ಲಿದ್ದಾನೆ?

ಹೆಂಟೆ ಉಬ್ಬಿದರೆ ಯಂತ್ರ ಬೋಳಿಸುತ್ತದೆ, ತಗ್ಗಿದರೆ ಚೆಂಡು ದಾರಿ ತಪ್ಪುತ್ತದೆ. ಮಟ್ಟ ಮಾಡಿ, ಅಂಚು ಒತ್ತಿ, ಕೈಯಾರೆ ನೀರುಣಿಸಿ, ಮರುದಿನ ಮತ್ತೆ ನೋಡಬೇಕು. ಬೆಳಗಿನ ಆಟಕ್ಕೆ ಮುಂಚೆ 18 ಗುಳಿಯನ್ನೂ ಒಬ್ಬನೇ ಮುಗಿಸು ಎಂದರೆ ಇದೆಲ್ಲ ಆಗುತ್ತದೆಯೇ?

ಔಷಧಿಗೆ ದುಡ್ಡಿದೆ. ಇನ್ನೊಬ್ಬ ಆಳಿನ ಸಂಬಳಕ್ಕೆ ಇಲ್ಲವೇ?