ಬಯಲೇ ಚಿತ್ರಶಾಲೆ

ಚಿತ್ರಕಲೆಯ ತರಗತಿಯಲ್ಲಿ 'ಒಂದು ನಿಸರ್ಗ ದೃಶ್ಯವನ್ನು ಬರೆಯಿರಿ' ಎಂದು ಹೇಳಿದೊಡನೆ ಬಹುಮಟ್ಟಿಗೆ ಎಲ್ಲ ಮಕ್ಕಳ ಹಾಳೆಯ ಮೇಲೂ ಒಂದೇ ಚಿತ್ರ ಮೂಡುತ್ತದೆ. ತ್ರಿಕೋನಾಕಾರದ ಎರಡು ಬೆಟ್ಟಗಳು, ಅವುಗಳ ನಡುವೆ ಅರ್ಧ ಮೂಡಿದ ಸೂರ್ಯ, ಬೆಟ್ಟದ ಬುಡದಿಂದ ಹರಿದು ಬರುವ ಹೊಳೆ, ಹೊಳೆಯ ದಡದಲ್ಲೊಂದು ಗುಡಿಸಲು, ಅದರ ಪಕ್ಕಕ್ಕೆ ಬಾಗಿದ ತೆಂಗಿನ ಮರ. ವಿಜಯಪುರದ ಎರೆಯ ಬಯಲಿನ ಬಾಲಕನೂ ಇದನ್ನೇ ಬರೆಯುತ್ತಾನೆ; ಕಾರವಾರದ ಕಡಲ ತೀರದ ಬಾಲಕಿಯೂ ಇದನ್ನೇ ಬರೆಯುತ್ತಾಳೆ. ಬಾಲಕನ ಊರಿನ ಜೋಳದ ಹೊಲವಾಗಲಿ, ಬಾಲಕಿಯ ಊರಿನ ದೋಣಿಗಳಾಗಲಿ ಹಾಳೆಯ ಮೇಲೆ ಬರುವುದೇ ಇಲ್ಲ. ಈ ದೋಷ ಕೈಯದಲ್ಲ, ಕಣ್ಣಿನದು. ಆ ಚಿತ್ರ ಅವರು ಕಂಡದ್ದಲ್ಲ. ಯಾರೋ ಬರೆದುದನ್ನು ನೋಡಿ ಕಲಿತದ್ದು.

ಇದಕ್ಕೆ ಮದ್ದು ತರಗತಿಯ ನಾಲ್ಕು ಗೋಡೆಗಳ ಹೊರಗಿದೆ. ಊರಿನ ಐದಾರು ಮಂದಿ ಚಿತ್ರಕಾರರು ಜೊತೆಗೂಡಿ, ಹಾಳೆ, ಹಲಗೆ, ಬಣ್ಣದ ಪೆಟ್ಟಿಗೆಗಳನ್ನು ಹೊತ್ತು, ಕೆರೆಯ ಏರಿಗೋ ಗುಡ್ಡದ ಇಳಿಜಾರಿಗೋ ಹೋಗಿ, ಕಣ್ಣೆದುರಿನ ದೃಶ್ಯವನ್ನು ಅಲ್ಲಿಯೇ ಕುಳಿತು ಬರೆಯುವ ರೂಢಿ ಒಂದಿದೆ. ಕೆಲವರು ಇದನ್ನು ಬಿಡುವಿನ ವೇಳೆಯ ವಿನೋದವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಕಣ್ಣಿಗೆ ದೊರೆಯುವ ಶಿಕ್ಷಣ. ತನ್ನ ನೆಲವನ್ನು ನಿಜವಾಗಿ ನೋಡಲು ಕಲಿತವನಿಗೆ ಅದನ್ನು ಕಾಪಾಡುವ ಹೊಣೆಯೂ ತಾನಾಗಿ ಅರಿವಾಗುತ್ತದೆ.

ಈ ರೂಢಿ ಬೆಳೆದು ಬಂದ ಬಗೆ ಸ್ವಾರಸ್ಯಕರವಾಗಿದೆ. ಹಿಂದೆ ಯೂರೋಪಿನ ಚಿತ್ರಕಾರರು ಹೊರಗೆ ಹೋಗಿ ರೇಖೆಗಳನ್ನು ಗುರುತು ಹಾಕಿಕೊಂಡು ಬಂದು, ತೈಲಚಿತ್ರವನ್ನು ಸಾಮಾನ್ಯವಾಗಿ ಕೋಣೆಯೊಳಗೇ ಪೂರೈಸುತ್ತಿದ್ದರು. ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡಬೇಕಾಗಿದ್ದ ಕಾಲದಲ್ಲಿ ಅದನ್ನು ದೂರ ಒಯ್ಯುವುದು ಸುಲಭವಾಗಿರಲಿಲ್ಲ. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ಹಿಚುಕಿದರೆ ಬಣ್ಣ ಹೊರಬರುವ ತವರದ ಕೊಳವೆಯನ್ನು ಕಂಡುಹಿಡಿದನು. ಚಿತ್ರಶಾಲೆ ಕೈಚೀಲದೊಳಗೆ ಸೇರಿತು. ಮುಂದೆ ಮೊನೆ, ರೆನ್ವಾರ್ ಮೊದಲಾದ ತರುಣರು ಪ್ಯಾರಿಸ್ ನಗರದ ಸುತ್ತಲಿನ ಹೊಳೆಯ ದಡಗಳಲ್ಲಿ ಕುಳಿತು ಬಿಸಿಲು ನೆರಳುಗಳನ್ನೇ ಚಿತ್ರಿಸತೊಡಗಿದರು. 1874ರಲ್ಲಿ ಅವರ ತಂಡ ಪ್ರದರ್ಶನವನ್ನು ಏರ್ಪಡಿಸಿದಾಗ ವಿಮರ್ಶಕರು ಅಪಹಾಸ್ಯ ಮಾಡಿದರು. ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳು ಆ ಚಿತ್ರಗಳಿಗೆ ಗೌರವದ ಸ್ಥಾನ ನೀಡಿವೆ.

ಬಯಲು ಕಲಿಸುವ ಮೊದಲ ಪಾಠ ಬೆಳಕಿನದು. ಸೂರ್ಯ ಗಂಟೆಗೆ ಹದಿನೈದು ಡಿಗ್ರಿಯಷ್ಟು ಸರಿಯುವಂತೆ ತೋರುತ್ತಾನೆ. ಬರೆಯಲು ಕುಳಿತ ಎರಡು ಗಂಟೆಗಳಲ್ಲಿ ಮರದ ನೆರಳು ಎಲ್ಲಿಂದ ಎಲ್ಲಿಗೋ ತಿರುಗಿರುತ್ತದೆ. ಆದುದರಿಂದ ಅನುಭವಿಗಳು ನೆರಳಿನ ಆಕಾರವನ್ನು ಮೊದಲೇ ನಿರ್ಧರಿಸಿಕೊಂಡು, ಬಳಿಕ ಅದನ್ನು ಬದಲಿಸಲು ಹೋಗುವುದಿಲ್ಲ. ನೆರಳೆಂದರೆ ಕಪ್ಪು ಎಂದು ನಂಬಿದ್ದ ಹುಡುಗನಿಗೆ, ಬೆಳಗಿನ ಬಿಸಿಲಿನಲ್ಲಿ ಸುಣ್ಣದ ಗೋಡೆಯ ಮೇಲೆ ಬಿದ್ದ ನೆರಳು ನಸುನೀಲಿಯೆಂಬುದು ಗೋಚರಿಸುತ್ತದೆ. ಹಸಿರು ಗಿಡಗಳೇ ತುಂಬಿದ ಗುಡ್ಡ ದೂರದಿಂದ ನೀಲಿಯಾಗಿ ಕಾಣುವುದೇಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ನಡುವಿನ ಗಾಳಿಯಲ್ಲಿ ಬೆಳಕು ಚದುರುವುದೇ ಅದಕ್ಕೆ ಕಾರಣವೆಂಬ ವಿಜ್ಞಾನದ ಪಾಠ ಅಲ್ಲಿ ಕಣ್ಣಾರೆ ಸಿದ್ಧಿಸುತ್ತದೆ. ಜಲವರ್ಣದಲ್ಲಿ ಹಾಳೆಯ ಬಿಳುಪೇ ಬೆಳಕು. ಒಮ್ಮೆ ಅದನ್ನು ಬಣ್ಣದಿಂದ ಮುಚ್ಚಿದರೆ ಮರಳಿ ಪಡೆಯುವುದು ಕಷ್ಟ. ಆದುದರಿಂದ ಎಲ್ಲಿ ಕುಂಚವನ್ನು ತಡೆಯಬೇಕೆಂಬ ಸಂಯಮವೂ ಈ ವಿದ್ಯೆಯ ಭಾಗವಾಗಿದೆ.

ಎರಡನೆಯ ಪಾಠ ಜೊತೆಗಾರರಿಂದ ಬರುತ್ತದೆ. 1869ರ ಬೇಸಗೆಯಲ್ಲಿ ಮೊನೆ ಮತ್ತು ರೆನ್ವಾರ್ ಇಬ್ಬರೂ ಸೇನ್ ನದಿಯ ದಡದ ಲಾ ಗ್ರೆನುಯೇರ್ ಎಂಬ ವಿಹಾರಸ್ಥಾನದಲ್ಲಿ ಕುಳಿತು ಒಂದೇ ದೃಶ್ಯವನ್ನು ಬರೆದರು. ಒಬ್ಬನ ಕಣ್ಣು ನೀರಿನ ಮೇಲೆ ಮುರಿಯುವ ಬೆಳಕಿನ ತುಣುಕುಗಳ ಕಡೆಗೆ ಹೆಚ್ಚು ಹರಿಯಿತು. ಇನ್ನೊಬ್ಬನ ಕಣ್ಣು ಅಲ್ಲಿ ನೆರೆದ ಜನರ ಉಡುಗೆ ತೊಡುಗೆಗಳ ಕಡೆಗೆ ಒಲಿಯಿತು. ಎರಡೂ ಸತ್ಯ, ಎರಡೂ ಸುಂದರ. ಕೆರೆಯ ಏರಿಯ ಮೇಲೆ ಕುಳಿತ ತಂಡ ಬರೆಯುವುದನ್ನು ಮುಗಿಸಿ ಹಾಳೆಗಳನ್ನು ಸಾಲಾಗಿ ಜೋಡಿಸಿದಾಗಲೂ ಇದೇ ಅನುಭವವಾಗುತ್ತದೆ. ತಾನು ಕಾಣದೆ ಬಿಟ್ಟ ಬಟ್ಟೆ ಒಗೆಯುವ ಕಲ್ಲನ್ನು ಪಕ್ಕದವನು ಕಂಡಿದ್ದಾನೆ; ಅವನು ಬಿಟ್ಟ ಬೆಳ್ಳಕ್ಕಿಯನ್ನು ಮತ್ತೊಬ್ಬಳು ಹಿಡಿದಿದ್ದಾಳೆ. ತಾನು ನೋಡಿದಷ್ಟೇ ಲೋಕವಲ್ಲವೆಂಬ ವಿನಯ ಹೀಗೆ ಉಪದೇಶವಿಲ್ಲದೆ ದೊರೆಯುತ್ತದೆ.

ಕಲೆಗೆ ಏಕಾಂತವೇ ಬೇಕು, ಗುಂಪು ತಕ್ಕುದಲ್ಲ ಎಂದು ವಾದಿಸುವವರುಂಟು. ಉದಕಮಂಡಲ, ಕೊಡೈಕನಾಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಅಪೂರ್ವವಾಗಿ ಚಿತ್ರಿಸಿದ ಕೆ. ವೆಂಕಟಪ್ಪನವರು ಏಕಾಂತಪ್ರಿಯರೇ ಆಗಿದ್ದರು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಆ ವೆಂಕಟಪ್ಪನವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಸಹಪಾಠಿಗಳೊಡನೆ ಕಲಿತವರು. ಏಕಾಂತ ಪಕ್ವವಾದ ಕಲಾವಿದನಿಗೆ ಒಪ್ಪುವಂಥದು; ಕಲಿಯುವವನಿಗೆ ಸಂಗ ಬೇಕು. ಅಲ್ಲದೆ ತಂಡದಲ್ಲಿ ಕುಳಿತರೂ ಕುಂಚ ಹಿಡಿದ ಹೊತ್ತಿನಲ್ಲಿ ಪ್ರತಿಯೊಬ್ಬನೂ ಒಂಟಿಯೇ.

ಕೈಯಲ್ಲಿ ಕ್ಯಾಮೆರಾ ಇರುವಾಗ ಇಷ್ಟು ಶ್ರಮವೇಕೆ ಎಂಬುದು ಇನ್ನೊಂದು ಆಕ್ಷೇಪ. ಕ್ಯಾಮೆರಾ ಕ್ಷಣದಲ್ಲಿ ಎಲ್ಲವನ್ನೂ ಹಿಡಿಯುತ್ತದೆ, ಅದು ಉಪಯುಕ್ತವೂ ಹೌದು. ಆದರೆ ಗುಂಡಿ ಒತ್ತಿದವನು ಮರವನ್ನು ನೋಡಲೇಬೇಕೆಂಬ ನಿರ್ಬಂಧವಿಲ್ಲ. ಬರೆಯುವವನು ಪ್ರತಿ ಕೊಂಬೆಯ ಬಾಗನ್ನೂ ಅಳೆಯಬೇಕು. ಎರಡು ಗಂಟೆಗಳ ಕಾಲ ಒಂದು ಆಲದ ಮರವನ್ನು ನೋಡಿದವನಿಗೆ ಆ ಮರ ನೆಂಟನಾಗುತ್ತದೆ.

ಈ ನೆಂಟಸ್ತಿಕೆ ಏನು ಮಾಡಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಉಜ್ಜ್ವಲ ನಿದರ್ಶನವಿದೆ. ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಫಾಂತೆನ್‌ಬ್ಲೊ ಕಾಡಿನ ಅಂಚಿನ ಬಾರ್ಬಿಜಾನ್ ಎಂಬ ಹಳ್ಳಿಯಲ್ಲಿ ಚಿತ್ರಕಾರರ ಗುಂಪೊಂದು ನೆಲೆಸಿತ್ತು. ಕಾಡಿನ ಹಳೆಯ ಓಕ್ ಮರಗಳನ್ನು ಕಡಿಯುವುದನ್ನು ಕಂಡು ಅವರು ಸುಮ್ಮನಿರಲಿಲ್ಲ. ಅವರ ಹಿರಿಯನಾದ ತಿಯೊಡೋರ್ ರೂಸೊ 1852ರಲ್ಲಿ ಸರ್ಕಾರಕ್ಕೆ ಮನವಿ ಸಲ್ಲಿಸಿದನು. 1861ರಲ್ಲಿ ಆ ಕಾಡಿನ 1,097 ಹೆಕ್ಟೇರು ಭಾಗ ಕಲೆಯ ಸಲುವಾಗಿಯೇ ರಕ್ಷಿತವಾಯಿತು. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದು ಅದಾದ ಹನ್ನೊಂದು ವರ್ಷಗಳ ಮೇಲೆ, 1872ರಲ್ಲಿ.

ಕನ್ನಡ ನಾಡಿನ ಅನುಭವ ಇದಕ್ಕಿಂತ ಭಿನ್ನವಾದ ಎಚ್ಚರವನ್ನು ಹೇಳುತ್ತದೆ. ಸ್ವಾತಂತ್ರ್ಯ ಹೋರಾಟಗಾರರೂ ಚಿತ್ರಕಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಬಿಟ್ಟ ಸಾಲುಮರಗಳನ್ನು ರಸ್ತೆಯ ಬದಿಯಲ್ಲೇ ನಿಂತು ಬರೆದರು. ಗುಲ್‌ಮೊಹರಿನ ಕೆಂಪೂ ಜಕರಂದದ ನೇರಿಳೆಯೂ ಅವರ ಚಿತ್ರಗಳಲ್ಲಿ ಇಂದಿಗೂ ಬಾಡಿಲ್ಲ. ಆದರೆ ರಸ್ತೆಗಳನ್ನು ಅಗಲಗೊಳಿಸುವ ಭರದಲ್ಲಿ ಆ ನಗರ ಕಳೆದುಕೊಂಡ ಮರಗಳು ಬಹಳ. ಚಿತ್ರ ಉಳಿದರೆ ಮರ ಉಳಿಯುತ್ತದೆಂಬ ಭರವಸೆಯಿಲ್ಲ. ಒಬ್ಬರು ಕಂಡರೆ ಸಾಲದು. ಊರಿನ ಹಲವರು ಕಾಣಬೇಕು, ಕಂಡವರು ಮಾತನಾಡಬೇಕು. ತಂಡವಾಗಿ ಹೊರಟು ಚಿತ್ರ ಬರೆಯುವುದರ ಹಿರಿಯ ಪ್ರಯೋಜನ ಇದೇ.

ಇದಕ್ಕೆ ದೊಡ್ಡ ವೆಚ್ಚವಾಗಲಿ, ಹುಟ್ಟು ಪ್ರತಿಭೆಯಾಗಲಿ ಬೇಕಿಲ್ಲ. ಒಂದು ಸೀಸದ ಕಡ್ಡಿ, ಕೆಲವು ಹಾಳೆ, ಜೊತೆಗೆ ನಾಲ್ವರು ಗೆಳೆಯರು ಸಾಕು. ಶಾಲೆಗಳು ತಿಂಗಳಿಗೊಮ್ಮೆಯಾದರೂ ಚಿತ್ರಕಲೆಯ ತರಗತಿಯನ್ನು ಊರಿನ ಕೆರೆಯ ಬಳಿಗೆ ಒಯ್ಯುವುದು ಲೇಸು. ಮೊದಲ ಚಿತ್ರಗಳು ವಕ್ರವಾಗಿಯೇ ಬಂದಾವು. ಬೇಲಿ ಬಾಗೀತು, ಎಮ್ಮೆ ಕಲ್ಲಿನಂತೆ ಕಂಡೀತು. ಚಿಂತೆಯಿಲ್ಲ. ವಿಜಯಪುರದ ಬಾಲಕನ ಹಾಳೆಯಲ್ಲಿ ಬೆಟ್ಟದ ಬದಲು ಜೋಳದ ತೆನೆ ತೂಗಿದ ದಿನ, ಅವನು ತನ್ನ ಊರನ್ನು ಮೊದಲ ಬಾರಿಗೆ ಕಂಡಂತಾಗುತ್ತದೆ.