ಕನ್ನಡ ಹೆಸರಿನ ಮೇಲೊಂದು ಸುಳ್ಳು ಕೇಸು (ಕಂತು 6)

ಮೊದಲ ಫೋಟೋ ಝೂಮ್ ಮಾಡಿ ನೋಡ್ರಿ. ಒಂದೇ ಫೋಲ್ಡರ್, ಎರಡು ಫೈಲು. ಒಂದು ‘ಹರಿಹರ ಗಿರಾಕಿಗಳ ಬಾಕಿ ಪಟ್ಟಿ’. ಇನ್ನೊಂದು ‘ಹರಿಹರ ಗಿರಾಕಿಗಳ ಬಾಕಿ ಪಟ್’. ಹೌದು, ‘ಪಟ್’. ಅದನ್ನ ಮನುಷ್ಯರು ಯಾರೂ ಮಾಡಿದ್ದಲ್ಲ, ಪ್ರೋಗ್ರಾಮೇ ಹೆತ್ತಿದ್ದು.

ದಾವಣಗೆರೆಯ ಒಂದು ಗೊಬ್ಬರದ ಅಂಗಡಿ. ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಓಡಿದ ಬಿಲ್ಲಿಂಗ್ ಪ್ರೋಗ್ರಾಮನ್ನ ಒಬ್ಬರು ಲಿನಕ್ಸ್‌ಗೆ ತಂದುಕೊಟ್ಟರು. ‘ದಾವಣಗೆರೆ ಬಾಕಿ ಪಟ್ಟಿ’ ಸಲೀಸಾಗಿ ತೆರೀತು. ಹರಿಹರದ್ದು ಖಾಲಿ ಬಂತು. ಎರರ್ ಇಲ್ಲ, ಏನಿಲ್ಲ, ಬರೀ ಖಾಲಿ. ನಾಲ್ಕು ದಿನ ಬಿಟ್ಟು ನೋಡೋಕೆ ಬಂದವರ ತೀರ್ಪು: “ಲಿನಕ್ಸ್‌ಗೆ ಕನ್ನಡ ಹೆಸರು ಆಗಿಬರಲ್ಲ, ಇಂಗ್ಲಿಷಲ್ಲಿ ಇಡ್ರಿ.” ಇಟ್ಟರು. ತೆರೀತು. ಎಲ್ಲರೂ ತಲೆ ಆಡಿಸಿದರು.

ಇದನ್ನ ರಿಪೇರಿ ಅನ್ನೋಕೆ ನಂಗೆ ನಾಲಿಗೆ ಬರಲ್ಲ.

ಲಿನಕ್ಸ್ ಕರ್ನಲ್‌ಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದಕ್ಕೆ ಹೆಸರು ಅಂದ್ರೆ ಬೈಟುಗಳ ಸಾಲು. ಸ್ಲಾಶ್ ಮತ್ತು ಸೊನ್ನೆ ಬೈಟು ಬಿಟ್ಟು ಏನು ಕೊಟ್ಟರೂ ಇಟ್ಟುಕೊಳ್ಳುತ್ತೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ವ್ಯಂಜನಕ್ಕೆ 3 ಬೈಟು, ಗುಣಿತದ ಗುರುತಿಗೆ ಬೇರೆ 3, ಹಲಂತಕ್ಕೆ ಮತ್ತೆ 3. ಕಣ್ಣಿಗೆ 5 ಅಕ್ಷರ ಕಾಣೋ ‘ದಾವಣಗೆರೆ’ 24 ಬೈಟು ತಿನ್ನುತ್ತೆ.

ವಿಂಡೋಸ್ ಕೋಡಲ್ಲಿ ಹೆಸರಿಗೆ 64 ವೈಡ್ ಕ್ಯಾರೆಕ್ಟರ್‌ಗಳ ಜಾಗ ಇತ್ತು. ಹರಿಹರದ ಫೈಲಿಗೆ ಅಲ್ಲಿ 25 ಸಾಕು. ಪೋರ್ಟ್ ಮಾಡುವಾಗ ಅದನ್ನೇ 64 ಬೈಟಿನ ಚಾರ್ ಅರೇ ಮಾಡಿದರು. ದಾವಣಗೆರೆ ಪಟ್ಟಿಯ ಹೆಸರು 53 ಬೈಟು, ಹಿಡಿಸಿತು. ಹರಿಹರದ್ದು 69. ಎಸ್‌ಎನ್‌ಪ್ರಿಂಟ್‌ಎಫ್ ಕೊನೆಯ ಸೊನ್ನೆಗೆ ಒಂದು ಬೈಟು ಕಾದಿರಿಸಿ 63ಕ್ಕೆ ಕತ್ತರಿಸಿತು. ಬಾಲದ ‘ಟಿ’ ಹೋಯ್ತು. “ನನಗೆ ಬೇಕಾಗಿದ್ದು 69” ಅಂತ ಆ ಫಂಕ್ಷನ್ ಸಂಖ್ಯೆ ವಾಪಸ್ ಕೊಟ್ಟಿತ್ತು ಕೂಡ, ಕೇಳೋರು ಇರಲಿಲ್ಲ. ಸಾಲದ್ದಕ್ಕೆ ಎಫ್‌ಓಪನ್‌ಗೆ ‘ಎ ಪ್ಲಸ್’ ಮೋಡು: ಫೈಲ್ ಇಲ್ಲದಿದ್ರೆ ಹೊಸದು ಹುಟ್ಟಿಸು ಅಂತ. ಹುಟ್ಟಿಸಿತು. ‘ಆರ್ ಪ್ಲಸ್’ ಕೊಟ್ಟು ಎರ್‌ನೋ ಕೇಳಿದ್ದರೆ ‘ನೋ ಸಚ್ ಫೈಲ್’ ಅಂತ ಮೊದಲ ದಿನವೇ ಗೊತ್ತಾಗ್ತಿತ್ತು.

ಆ ನಾಲ್ಕು ದಿನ ಹರಿಹರದವರು ಕಟ್ಟಿದ ಜಮೆಯೆಲ್ಲ ‘ಪಟ್’ ಒಳಗೆ ಬಿದ್ದಿತ್ತು. ಇಂಗ್ಲಿಷ್ ಹೆಸರು ಸಿಕ್ಕಿದ್ದು ಹಳೇ ಪಟ್ಟಿಗೆ. ಅದರ ಲೆಕ್ಕದಲ್ಲಿ ಅವರಿನ್ನೂ ಸಾಲಗಾರರು. ಬಾಕಿ ಕಟ್ಟಿ ಅಂತ ಫೋನ್ ಹೋಯ್ತು. ಒಬ್ಬ ಅಜ್ಜ ಬಸ್ ಹತ್ತಿ ಬಂದು, ಟವೆಲ್ ಗಂಟು ಬಿಚ್ಚಿ, ರಸೀದಿಯನ್ನ ಕೌಂಟರ್ ಮೇಲಿಟ್ಟು ಸುಮ್ಮನೆ ನಿಂತುಬಿಟ್ಟರು. ಮಾಲೀಕರು ನನ್ನನ್ನ ಕರೆದದ್ದು ಆಮೇಲೆ.

ಒಂದು ಮಾತು ಒಪ್ಪಬೇಕು. ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ, ಅಂದ್ರೆ ಕನ್ನಡಕ್ಕೆ ಬರೀ 85 ಚಿಹ್ನೆ. ಎನ್‌ಟಿಎಫ್‌ಎಸ್‌ನಲ್ಲಿ 255 ಹಿಡಿಸುತ್ತೆ. ಈ ತಾರತಮ್ಯ ನಿಜ. ಆದರೆ ದಾಟಿದರೆ ಲಿನಕ್ಸ್ ‘ಫೈಲ್ ನೇಮ್ ಟೂ ಲಾಂಗ್’ ಅಂತ ಮುಖಕ್ಕೇ ಹೇಳುತ್ತೆ, ಕದ್ದು ಕತ್ತರಿಸಲ್ಲ. ಇಲ್ಲಿ ಕತ್ತರಿ ಇದ್ದದ್ದು ನಮ್ಮ ಕೈಲಿ. 63 ದಾಟಿದ ದಿನ ಇಂಗ್ಲಿಷ್ ಹೆಸರಿಗೂ ಅದೇ ಗತಿ.

ಇನ್ನು ಎಲ್ಲ ರೋಗಕ್ಕೂ ‘ಚ್‌ಮಾಡ್ 777 ಹೊಡೀರಿ’ ಅನ್ನೋ ವೈದ್ಯರಿದ್ದಾರೆ. ಸ್ವಾಮಿ, ‘ಪರ್ಮಿಷನ್ ಡಿನೈಡ್’ ಅಂತ ಬಂದಿತ್ತಾ? ಬರದೇ ಇದ್ರೆ ಮನೆ ಬಾಗಿಲು ಯಾಕೆ ಕೀಳ್ತೀರಿ?

ಎಸ್‌ಟ್ರೇಸ್ ಓಡಿಸಿ, ಪ್ರೋಗ್ರಾಮು ಕರ್ನಲ್‌ಗೆ ನಿಜಕ್ಕೂ ಯಾವ ಹೆಸರು ಕೊಡ್ತಿದೆ ನೋಡ್ರಿ. ಕನ್ನಡದ ಬದಲು ಆಕ್ಟಲ್ ಸಂಖ್ಯೆ ಕಂಡರೆ ಹೆದರಬೇಡ್ರಿ, ಅವೇ ಬೈಟುಗಳು. ಕೂತು ಎಣಿಸಿ. ನಂಗೆ ಹತ್ತು ನಿಮಿಷ ಹಿಡೀತು, ಅದರಲ್ಲಿ ಐದು ಚಹಾಕ್ಕೆ.

ಎರಡೂ ಫೈಲಿನ ಜಮೆ ಕೂಡಿಸಿ, ಕನ್ನಡ ಹೆಸರನ್ನೇ ವಾಪಸ್ ಇಟ್ಟು ಬಂದಿದ್ದೀನಿ. ಕೊನೆಯ ಫೋಟೋ ಅದರದ್ದೇ. ಮುಂದಿನ ಕಂತಲ್ಲಿ ಬ್ಯಾಕ್‌ಸ್ಲಾಶ್ ಕಥೆ.

#ದಾವಣಗೆರೆ #ಹರಿಹರ #ಲಿನಕ್ಸ್ #ಕನ್ನಡದಲ್ಲಿಕೋಡ್