ಭಿವಂಡಿಯ ಮಗ್ಗವೂ ತರಗತಿಯ ತಂತ್ರಜ್ಞಾನವೇ

ಸ್ಮಾರ್ಟ್ ಬೋರ್ಡ್ ಬಂದರೆ ಮಕ್ಕಳ ಸೃಜನಶೀಲತೆ ಅರಳುತ್ತದೆ ಎಂದು ನಂಬುವವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಲಾಕ್‌ಡೌನ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಪಾಠ ಉಳಿದದ್ದು ಮೊಬೈಲಿನಿಂದಲೇ. ಆದರೂ ಈ ನಂಬಿಕೆಯನ್ನು ನಾನು ಒಪ್ಪಲಾರೆ. ಬೋರ್ಡಿನ ಮುಂದೆ ಕೂತ ಮಗು ನೋಡುತ್ತದೆ, ಕೇಳುತ್ತದೆ, ಹೆಚ್ಚೆಂದರೆ ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಮುಟ್ಟುತ್ತದೆ. ಅಲ್ಲಿ ಮಗು ತಾನಾಗಿ ತೀರ್ಮಾನಿಸುವುದು ಏನಿದೆ?

ಹೀಗೆಂದರೆ ಎದುರುತ್ತರವಾಗಿ ಬರುವ ಹೆಸರು ರಣಜಿತ್‌ಸಿಂಹ ಡಿಸಲೆ ಅವರದು. ಸೊಲ್ಲಾಪುರ ಜಿಲ್ಲೆಯ ಪರಿತೆವಾಡಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ತಂದವರೆಂದು ಹೆಸರಾಗಿ, 2020ರಲ್ಲಿ 10 ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಅದರಲ್ಲಿ ಅರ್ಧದಷ್ಟನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚಿದರು. ಕೋಡಿನ ಕತೆ ಎಲ್ಲರಿಗೂ ಗೊತ್ತು. ಆದರೆ ಪ್ರಶಸ್ತಿ ಕೊಟ್ಟವರು ಬರೆದ ಅವರ ಪರಿಚಯದಲ್ಲೇ ಇನ್ನೊಂದು ಸಂಗತಿಯಿದೆ: ಆ ಶಾಲೆಯ ಹೆಣ್ಣುಮಕ್ಕಳ ಮನೆಮಾತು ಕನ್ನಡ, ಪುಸ್ತಕ ಆ ಭಾಷೆಯಲ್ಲಿರಲಿಲ್ಲ. ಮೇಷ್ಟ್ರು ಮೊದಲು ಕನ್ನಡ ಕಲಿತರು, ಆಮೇಲೆ ಒಂದರಿಂದ ನಾಲ್ಕನೇ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವಂತೆ ರೂಪಿಸಿದರು. ನಮ್ಮ ಭಾಷೆಯನ್ನೇ ಕಲಿತ ಆ ಮೇಷ್ಟ್ರ ಕತೆಯಲ್ಲಿ ಕನ್ನಡಿಗರಾದ ನಾವು ಕೂಡ ಕೋಡನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ನನಗೆ ಇದು ನೋವಿನ ಸಂಗತಿ.

ಬರೀ ಯಂತ್ರ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಪೆರು ದೇಶ ಸಾಕ್ಷಿ. ಮಕ್ಕಳಿಗೆ ತಲೆಗೊಂದು ಲ್ಯಾಪ್‌ಟಾಪ್ ಕೊಟ್ಟ ಅಲ್ಲಿನ ಯೋಜನೆಯಿಂದ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ ಎಂದು 2012ರ ಅಧ್ಯಯನ ಹೇಳಿತು.

ಬೇರೆ ದಾರಿ ಕಾಣಲು ಈಗ ಮುಂಬಯಿ ಬಳಿಯ ಮಗ್ಗಗಳ ಊರಾದ ಭಿವಂಡಿಗೆ ಬನ್ನಿ. ಉರ್ದು, ತೆಲುಗು, ಮರಾಠಿ, ಹಿಂದಿ, ನಮ್ಮ ಕನ್ನಡ ಎಲ್ಲವೂ ಕಿವಿಗೆ ಬೀಳುವ ಊರು. ಪವರ್‌ಲೂಮಿನ ಸದ್ದು ಕೇಳುತ್ತಲೇ ಬೆಳೆಯುವ ಮಕ್ಕಳು ಇಲ್ಲಿದ್ದಾರೆ. ಬಟ್ಟೆಯಲ್ಲಿ ಸಣ್ಣ ವಿನ್ಯಾಸ ಬೇಕಾದರೆ ಮಗ್ಗದ ಮೇಲೆ ಡಾಬಿ ಎಂಬ ಸಲಕರಣೆ ಕೂರಿಸುತ್ತಾರೆ. ಅದರ ಹಳೆಯ ಬಗೆಯಲ್ಲಿ ಮರದ ಪಟ್ಟಿಗಳ ಸರಪಳಿ, ಪಟ್ಟಿಯ ತೂತುಗಳಲ್ಲಿ ಚಿಕ್ಕ ಗೂಟಗಳು. ಗೂಟವಿದ್ದರೆ ಹಾಸಿನ ಆ ಎಳೆಗಳು ಮೇಲೇಳುತ್ತವೆ, ಇಲ್ಲದಿದ್ದರೆ ಕೆಳಗೇ ಉಳಿಯುತ್ತವೆ, ನಡುವೆ ಲಾಳಿ ಹಾಯುತ್ತದೆ. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ ತೂತು ಕೊರೆದ ಕಾರ್ಡುಗಳಿಂದ ಮಗ್ಗ ನಡೆಸಿದ. ಮುಂದೆ ಚಾರ್ಲ್ಸ್ ಬ್ಯಾಬೇಜ್ ತಾನು ರೂಪಿಸಿದ ಲೆಕ್ಕದ ಯಂತ್ರಕ್ಕೂ ಅಂಥವೇ ಕಾರ್ಡುಗಳನ್ನು ಆರಿಸಿಕೊಂಡ. ಕಂಪ್ಯೂಟರಿನ ಪೂರ್ವಜರಲ್ಲೊಂದು ಮಗ್ಗ.

ಐದನೇ ತರಗತಿಯ ಮಗುವಿಗೆ ಎಂಟು ಸಾಲು, ಎಂಟು ಕಂಬಗಳ ಚೌಕುಳಿ ಹಾಳೆ ಕೊಡಿ. ತುಂಬಿದ ಮನೆ ಎಂದರೆ ಎಳೆ ಮೇಲೆ, ಖಾಲಿ ಮನೆ ಎಂದರೆ ಕೆಳಗೆ. ಮಗು ತನಗೆ ಬೇಕಾದ ವಿನ್ಯಾಸ ಬರೆಯಲಿ, ಎರಡು ಬಣ್ಣದ ಕಾಗದದ ಪಟ್ಟಿಗಳಲ್ಲಿ ಅದನ್ನೇ ಮತ್ತೆ ಮತ್ತೆ ಹೆಣೆಯಲಿ. ಹಾಳೆಯಲ್ಲಿ ಒಂದು ಮನೆ ತಪ್ಪಿದರೆ ವಿನ್ಯಾಸ ಮರಳಿದಾಗಲೆಲ್ಲ ಆ ತಪ್ಪೂ ಮರಳುತ್ತದೆ. ಯಾರೂ ಹೇಳದೆಯೇ ಮಗು ಹಾಳೆಗೆ ಹಿಂದಿರುಗಿ ಹುಡುಕುತ್ತದೆ. ಪ್ರೋಗ್ರಾಂ ಬರೆಯುವವರು ದಿನವಿಡೀ ಮಾಡುವ ಕೆಲಸವೂ ಇದೇ. ಆಮೇಲೆ ಅದೇ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸಲಿ. ಆಗ ಯಂತ್ರ ಮಗುವಿನ ಮಾತು ಕೇಳುತ್ತದೆ. ಮಗ್ಗದ ಮನೆಯ ಮಗುವಿಗಂತೂ ಮೇಷ್ಟ್ರಿಗೇ ಹೇಳಿಕೊಡುವಷ್ಟು ಗೊತ್ತಿರಬಹುದು.

ಕಂಪ್ಯೂಟರ್ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಎರಡನೆಯದಾಗಿ ಬರಲಿ. ಮೊದಲು ಬೇಕಾದದ್ದು ಮಗುವಿನ ಮಾತು ಬಲ್ಲ ಮೇಷ್ಟ್ರು ಮತ್ತು ಮಗು ಕೈಯಾರೆ ಬಿಚ್ಚಿ ಜೋಡಿಸಬಲ್ಲ ಸಲಕರಣೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ, ಶಾಲೆಗಳಿಗೆ ಕೈತುಂಬ ಕೊಡುವ ದಾನಿಗಳಲ್ಲಿ ಒಂದು ವಿನಂತಿ. ಮುಂದಿನ ಬಾರಿ ಬೋರ್ಡಿಗೆಂದು ಹಣ ತೆಗೆದಿಡುವ ಮೊದಲು ಆ ಶಾಲೆಯಲ್ಲಿ ಒಂದು ದಿನ ಕೂತು ಬನ್ನಿ. ಮಕ್ಕಳು ಏನು ಮಾಡಬೇಕೆಂದಿದ್ದಾರೆ ಎಂದು ಅವರನ್ನೇ ಕೇಳಿ.